ಹೊಸ್ತಿಲ ಎತ್ತರ

ವರ್ಷಕ್ಕೊಮ್ಮೆ, ಬೇಸಗೆಯ ನಡುವೆ, ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮರುದಿನ ಪಟ್ಟಣದ ಮನೆಗಳಲ್ಲಿ ಒಂದು ಸಣ್ಣ ಹಬ್ಬವೇ ನಡೆಯುತ್ತದೆ. ಪಾಸಾದ ಮಗನ ಬಾಯಿಗೆ ತಾಯಿ ಪೇಡೆಯ ತುಣುಕನ್ನಿಡುತ್ತಾಳೆ; ತಂದೆ ಪತ್ರಿಕೆಯನ್ನು ಬಿಡಿಸಿಕೊಂಡು ಕುಳಿತು, ಯಾರಿಗೆಷ್ಟು ಅಂಕ ಬಂದಿತೆಂಬ ತುಲನೆಯಲ್ಲಿ ತೊಡಗುತ್ತಾನೆ. ಅದೇ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಒಮ್ಮೊಮ್ಮೆ ಒಂದು ಚಿತ್ರ ಅಚ್ಚಾಗಿರುತ್ತದೆ. ಯಾವುದೋ ತಾಂಡಾದ ಹುಡುಗಿ, ಕೂಲಿಯವರ ಮಗಳು, ಶೇಕಡಾ ತೊಂಬತ್ತಕ್ಕೂ ಮಿಕ್ಕಿ ಅಂಕ ಪಡೆದವಳು.

“ನೋಡಿದೆಯೇನಪ್ಪಾ! ಮನೆಯಲ್ಲಿ ಓದಲು ಒಂದು ಮೇಜೂ ಇಲ್ಲದೆ ಇವಳು ಇಷ್ಟು ಸಾಧಿಸಿದ್ದಾಳೆ. ಮನಸ್ಸೊಂದಿದ್ದರೆ ಮಾರ್ಗ ತಾನಾಗಿ ತೆರೆಯುತ್ತದೆ” ಎಂದು ತಂದೆ ಮಗನಿಗೆ ಉಪದೇಶಿಸುತ್ತಾನೆ.

ಆಗ ಒಳಗಿನಿಂದ ಬಂದ ಮನೆಯಾಕೆ ಚಿತ್ರವನ್ನು ನೋಡಿ, “ಸಂತೋಷವೇ ಅನ್ನಿ. ಆದರೆ ಇವಳ ಜೊತೆಗೆ ಒಂದನೆಯ ತರಗತಿಗೆ ಸೇರಿದ ಉಳಿದ ಮಕ್ಕಳೇನಾದರು?” ಎಂದು ಕೇಳಿದಳೆನ್ನೋಣ. ಯಜಮಾನನ ಬಳಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ಪತ್ರಿಕೆಯಲ್ಲಿಯೂ ಇರುವುದಿಲ್ಲ. ಏಕೆಂದರೆ ನಡುವೆ ಶಾಲೆ ಬಿಟ್ಟವರ ಚಿತ್ರವನ್ನು ಯಾರೂ ಅಚ್ಚುಹಾಕಿಸುವುದಿಲ್ಲ.

ಉತ್ತರವನ್ನು ಹುಡುಕಬೇಕಾದರೆ ಕರ್ನಾಟಕದ ಈಶಾನ್ಯದಂಚಿಗೆ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಹೋಗಬೇಕು. ಆಳಂದ ಮತ್ತು ಅಫಜಲಪುರಗಳು ಮಹಾರಾಷ್ಟ್ರದ ಗಡಿಗೆ ಒತ್ತಿಕೊಂಡಿವೆ. ಅವುಗಳ ದಕ್ಷಿಣಕ್ಕೆ ಜೇವರ್ಗಿ ಇದೆ. ಭೀಮಾನದಿ ಹರಿಯುವ ಸೀಮೆ. ತೊಗರಿಯ ಕಣಜವೆಂದು ಹೆಸರಾದ ಕಪ್ಪು ನೆಲ. ಲಾಡ್ಲೆ ಮಶಾಯಕರ ದರ್ಗಾ ಇರುವುದು ಆಳಂದದಲ್ಲಿ. ದತ್ತಾತ್ರೇಯನ ದೇವಲ ಗಾಣಗಾಪುರವಿರುವುದು ಅಫಜಲಪುರ ತಾಲ್ಲೂಕಿನಲ್ಲಿ. ದೈವಭಕ್ತಿಗೂ ದುಡಿಮೆಗೂ ಇಲ್ಲಿ ಕೊರತೆಯಿಲ್ಲ. ಆದರೂ ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆದು, ೩೯ ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿದಾಗ ಈ ಮೂರೂ ಆ ಪಟ್ಟಿಯಲ್ಲಿ ಸೇರಿದ್ದವು. ೨೦೧೧ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ ೬೪.೮೫ ಇದ್ದಿತು, ರಾಜ್ಯದ್ದು ೭೫.೩೬. ೨೦೨೫ರ ಮೇ ತಿಂಗಳಲ್ಲಿ ಹೊರಬಿದ್ದ ಹತ್ತನೆಯ ತರಗತಿಯ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇಕಡಾ ೯೧.೧೨ ಪಡೆದು ಮೊದಲನೆಯ ಸ್ಥಾನದಲ್ಲಿ ನಿಂತರೆ, ಕಲಬುರಗಿ ಜಿಲ್ಲೆ ಶೇಕಡಾ ೪೨.೪೩ ಪಡೆದು ಕೊನೆಯ ಸ್ಥಾನದಲ್ಲಿ ನಿಂತಿತು.

ಒಂದು ಜಿಲ್ಲೆಯ ಮಕ್ಕಳೆಲ್ಲರೂ ಬುದ್ಧಿಯಲ್ಲಿ ಕಡಮೆಯವರೆಂದು ವಿವೇಕವುಳ್ಳ ಯಾರೂ ಹೇಳಲಾರರು. ಅಲ್ಲಿ ಉಪಾಧ್ಯಾಯರು ಸಾಲದು, ನೀರಾವರಿ ಸಾಲದು, ಬಡತನ ಹೆಚ್ಚು ಎಂದು ಕಾರಣಗಳನ್ನು ಹುಡುಕುತ್ತಾರೆ. ಜಿಲ್ಲೆಗೆ ತೋರುವ ಈ ನ್ಯಾಯವನ್ನು ಒಂದು ಮಗುವಿಗೆ ತೋರುವುದು ಮಾತ್ರ ಕಷ್ಟವಾಗುತ್ತದೆ. ನಪಾಸಾದ ಮಗುವನ್ನು ಕಂಡರೆ ‘ದಡ್ಡ’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿದುಹೋಗುತ್ತದೆ.

ಈ ಮೂರು ತಾಲ್ಲೂಕುಗಳಲ್ಲಿ ಎಲ್ಲ ಮಕ್ಕಳೂ ಒಂದೇ ಮಾತಿನ ಮನೆಗಳಿಂದ ಶಾಲೆಗೆ ಬರುವುದಿಲ್ಲ. ಬಹುಮಂದಿಯ ಮನೆಮಾತು ಕನ್ನಡ. ಪೇಟೆಗಳಲ್ಲಿ ಉರ್ದು ಮಾತನಾಡುವ ಮನೆಗಳು ಸಾಕಷ್ಟಿವೆ. ಗಡಿಯ ಹಳ್ಳಿಗಳಲ್ಲಿ ಮರಾಠಿಯೂ ಕೇಳಿಬರುತ್ತದೆ. ಊರಿಂದ ದೂರವಾಗಿ, ಹೊಲಗಳ ನಡುವೆ ಅಥವಾ ದಿನ್ನೆಯ ಮೇಲೆ, ಲಂಬಾಣಿಗರ ತಾಂಡಾಗಳಿವೆ. ಒಂದು ಕಾಲಕ್ಕೆ ಈ ಜನ ಎತ್ತುಗಳ ಬೆನ್ನ ಮೇಲೆ ಉಪ್ಪನ್ನೂ ದವಸವನ್ನೂ ಹೇರಿಕೊಂಡು ದೇಶದಿಂದ ದೇಶಕ್ಕೆ ಸಾಗಿಸುತ್ತಿದ್ದ ವರ್ತಕರು; ದೊಡ್ಡ ದೊಡ್ಡ ಸೈನ್ಯಗಳಿಗೆ ಅನ್ನವೊದಗಿಸಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆ ಬಂದಿತು, ರೈಲು ಬಂದಿತು; ಎತ್ತಿನ ಬೆನ್ನಿನ ವ್ಯಾಪಾರ ಮುರಿದುಬಿದ್ದಿತು. ೧೮೭೧ರಲ್ಲಿ ಬ್ರಿಟಿಷ್ ಸರಕಾರ ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಪಂಗಡಗಳನ್ನು ಪಟ್ಟಿಮಾಡುವ ಕಾಯಿದೆಯನ್ನು ತಂದಾಗ ಅದರ ಕೊಂಡಿ ಹಲವೆಡೆ ಇವರ ಕೊರಳಿಗೂ ಬಿದ್ದಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, ೧೯೫೨ರಲ್ಲಿ. ದಾರಿಯನ್ನೇ ಬದುಕಾಗಿ ಮಾಡಿಕೊಂಡಿದ್ದ ಜನ ದಾರಿ ತಪ್ಪಿ ನೆಲಸಿದ ಕಡೆಯೇ ತಾಂಡಾ ಆಯಿತು.

ಅಂಥ ತಾಂಡಾದ ಆರು ವರ್ಷದ ಹುಡುಗಿಯೊಬ್ಬಳು ಜೂನ್ ತಿಂಗಳಲ್ಲಿ ಮೊದಲ ಸಲ ಶಾಲೆಯ ಹೊಸ್ತಿಲು ದಾಟುವುದನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅವಳಿಗೆ ತಾಯಿ ಎಂದರೆ ‘ಯಾಡಿ’. ರೊಟ್ಟಿ ಎಂದರೆ ‘ಬಾಟಿ’. ತಾಂಡಾದಲ್ಲಿ ಅವಳು ಮಾತಿನ ಮಲ್ಲಿ. ಹಬ್ಬದ ಹಾಡುಗಳನ್ನು ಅಜ್ಜಿಯ ಜೊತೆಗೆ ಹಾಡಬಲ್ಲವಳು. ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಕುರಿಮರಿಗಳ ಲೆಕ್ಕವನ್ನು ತಪ್ಪದೆ ಒಪ್ಪಿಸಬಲ್ಲವಳು. ಆದರೆ ತರಗತಿಯಲ್ಲಿ ಉಪಾಧ್ಯಾಯರು ಕರಿಹಲಗೆಯ ಮೇಲೆ ‘ಅ’ ಬರೆದು ‘ಅರಸ’ ಎನ್ನುತ್ತಾರೆ. ‘ಆ’ ಬರೆದು ‘ಆಟ’ ಎನ್ನುತ್ತಾರೆ. ಕನ್ನಡದ ಮನೆಯ ಮಗು ತಾನು ಬಲ್ಲ ಮಾತಿನ ಗುರುತನ್ನು ಕಲಿಯುತ್ತದೆ. ಈ ಹುಡುಗಿ, ತಾನು ಅರಿಯದ ಮಾತಿನ, ತಾನು ಅರಿಯದ ಗುರುತನ್ನು ಕಲಿಯಬೇಕು. ಕೇಳಿದ ಪ್ರಶ್ನೆ ಅರ್ಥವಾಗದೆ ಅವಳು ಮೌನವಾಗುತ್ತಾಳೆ. ಕೆಲವು ವಾರಗಳ ಬಳಿಕ ಆ ಮೌನಕ್ಕೆ ‘ಮಂದಬುದ್ಧಿ’ ಎಂಬ ಹೆಸರು ಬೀಳುತ್ತದೆ. ಒಮ್ಮೆ ಬಿದ್ದ ಹೆಸರು ಸುಲಭವಾಗಿ ಅಳಿಸುವುದಿಲ್ಲ. ಮಗುವೇ ಅದನ್ನು ನಂಬತೊಡಗುತ್ತದೆ.

ನ್ಯಾಯವಾಗಿ ಹೇಳಬೇಕಾದರೆ, ಆಳಂದದ ಕನ್ನಡ ಮಗುವಿಗೂ ಪಠ್ಯಪುಸ್ತಕದ ಕನ್ನಡ ನೇರವಾಗಿ ಒಗ್ಗುವುದಿಲ್ಲ. ಮನೆಯಲ್ಲಿ ‘ಹೋಗ್ಲಾಕತ್ತಾರ’ ಎನ್ನುವ ಮಗುವಿಗೆ ಪುಸ್ತಕದ ‘ಹೋಗುತ್ತಿದ್ದಾರೆ’ ಎಂಬುದು ಒಂದು ಮೆಟ್ಟಿಲಿನಷ್ಟು ಎತ್ತರದಲ್ಲಿದೆ. ಆ ಮಗು ಹತ್ತಬೇಕಾದದ್ದು ಒಂದು ಮೆಟ್ಟಿಲಾದರೆ ಲಂಬಾಣಿ ಮಗು ಎರಡನ್ನು ಏಕಕಾಲಕ್ಕೆ ಹತ್ತಬೇಕು. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ, ಒಂದೇ ದಿನ, ಒಂದೇ ಗಂಟೆಗೆ.

ಈ ಸಂಕಟ ಕನ್ನಡಿಗರಿಗೆ ಹೊಸದಲ್ಲ. ಈ ಸೀಮೆಯವರಿಗಂತೂ ಅಲ್ಲವೇ ಅಲ್ಲ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿಯ ಕಚೇರಿಯ ಭಾಷೆ ಉರ್ದು. ಶಾಲೆಯ ಮೇಲಿನ ತರಗತಿಗಳ ಭಾಷೆಯೂ ಉರ್ದು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ವಿದ್ಯೆಯನ್ನು ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ ಕಲಿಸತೊಡಗಿದುದಕ್ಕಾಗಿ ದೇಶದಲ್ಲೆಲ್ಲ ಪ್ರಶಂಸೆ ಪಡೆಯಿತು. ಆ ಪ್ರಶಂಸೆ ಸಲ್ಲತಕ್ಕದ್ದೇ. ಆದರೆ ಸಂಸ್ಥಾನದ ಜನರಲ್ಲಿ ಉರ್ದು ಮನೆಮಾತಿನವರು ಸುಮಾರು ಹತ್ತರಲ್ಲೊಬ್ಬರಷ್ಟೆ. ಉಳಿದವರು ತೆಲುಗು, ಮರಾಠಿ, ಕನ್ನಡದವರು. ಇಂಗ್ಲಿಷಿನಿಂದ ಬಿಡುಗಡೆಯೆಂದು ಯಾವುದು ಹೊಗಳಿಸಿಕೊಂಡಿತೋ ಅದೇ ಆಳಂದದ ರೈತನ ಮಗನಿಗೆ ಇನ್ನೊಂದು ಪರಭಾಷೆಯಾಗಿತ್ತು. ಅರ್ಥವಾಗದ ಮಾತಿನಲ್ಲಿ ಗಣಿತವನ್ನು ಬಾಯಿಪಾಠ ಮಾಡಿದ, ಮಾಡಲಾಗದೆ ಶಾಲೆ ಬಿಟ್ಟ ಕಥೆಗಳು ಆ ಸೀಮೆಯ ಹಿರಿಯರ ಮನೆಗಳಲ್ಲಿ ಬಹುಕಾಲ ಉಳಿದವು. ೧೯೪೮ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ಈ ಭಾಗ ಮೈಸೂರು ರಾಜ್ಯದೊಡನೆ ಒಂದಾಯಿತು. ಕನ್ನಡದ ಮಗು ಕನ್ನಡದಲ್ಲಿ ಓದುವ ದಿನ ಬಂದಿತು. ಅಂದು ಕಷ್ಟಪಟ್ಟವರ ಮಕ್ಕಳೂ ಮೊಮ್ಮಕ್ಕಳೂ ಮುಂದೆ ಉಪಾಧ್ಯಾಯರಾದರು, ಅಧಿಕಾರಿಗಳಾದರು. ಅಜ್ಜನಿಗೆ ಉರ್ದು ಶಾಲೆಯಲ್ಲಿ ಆದದ್ದೇ ತಾಂಡಾದ ಹುಡುಗಿಗೆ ಕನ್ನಡ ಶಾಲೆಯಲ್ಲಿ ಆಗುತ್ತಿದೆಯೆಂಬುದನ್ನು ಅರಿಯಲು ಅವರಿಗಿಂತ ಯೋಗ್ಯರು ಯಾರಿದ್ದಾರೆ? ಗಡಿಯ ಆಚೆ ಅಕ್ಕಲಕೋಟೆಯಲ್ಲಿ, ಜತ್ತಿನಲ್ಲಿ, ದೂರದ ಕಾಸರಗೋಡಿನಲ್ಲಿ ಕನ್ನಡದ ಮಕ್ಕಳಿಗೆ ಕನ್ನಡ ಶಾಲೆ ಉಳಿಯಬೇಕೆಂದು ಮರುಗುವ ಮನಸ್ಸು, ತನ್ನ ಅಂಗಳದ ಪರಭಾಷೆಯ ಮಗುವಿಗೂ ಅಷ್ಟೇ ಮರುಗಿದರೆ ಆ ಮರುಕಕ್ಕೆ ತೂಕ ಬರುತ್ತದೆ.

ಮಗುವಿನ ಮೊದಲ ಕಲಿಕೆ ಮನೆಮಾತಿನಲ್ಲಿ ಆಗಬೇಕೆಂಬುದನ್ನು ಯುನೆಸ್ಕೋ ಸಂಸ್ಥೆ ೧೯೫೩ರಲ್ಲಿಯೇ ಪುಸ್ತಕರೂಪದಲ್ಲಿ ಜಗತ್ತಿಗೆ ಸಾರಿತು. ೧೯೫೬ರಲ್ಲಿ ರಾಜ್ಯಾಂಗಕ್ಕೆ ಸೇರಿದ ೩೫೦-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸುವುದು ರಾಜ್ಯಗಳ ಹೊಣೆಯೆಂದಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯೂ, ಸಾಧ್ಯವಾದಷ್ಟು ಮಟ್ಟಿಗೆ, ಅದೇ ಮಾತನ್ನು ಹೇಳಿತು. ಆದರೆ ಗೋರ್ ಬೋಲಿಗೆ, ಎಂದರೆ ಲಂಬಾಣಿ ನುಡಿಗೆ, ಸ್ವಂತ ಲಿಪಿಯಿಲ್ಲ. ರಾಜ್ಯಾಂಗದ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲ. ೨೦೧೧ರ ಜನಗಣತಿಯಲ್ಲಿ ದೇಶದಲ್ಲಿ ೩೨ ಲಕ್ಷಕ್ಕೂ ಮಿಕ್ಕಿ ಜನ ತಮ್ಮ ಮನೆಮಾತು ಲಂಬಾಣಿಯೆಂದು ಬರೆಯಿಸಿದರೂ, ಗಣತಿಯ ಕೋಷ್ಟಕದಲ್ಲಿ ಅವರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಲಾಯಿತು. ಲೆಕ್ಕದಲ್ಲಿ ಅವರು ಹಿಂದಿಯವರು. ಶಾಲೆಯಲ್ಲಿ ಹಿಂದಿ ಪುಸ್ತಕ ತೆರೆದರೆ ಅದೂ ಅವರಿಗೆ ಪರಭಾಷೆ.

ಉರ್ದು ಮನೆಮಾತಿನ ಮಗುವಿನ ಪಾಡು ಬೇರೆ ಬಗೆಯದು. ಅದಕ್ಕೆ ಮೊದಲ ಮೆಟ್ಟಿಲುಗಳು ಸಿಗುತ್ತವೆ. ಉರ್ದು ಪ್ರಾಥಮಿಕ ಶಾಲೆಗಳು ಪೇಟೆಗಳಲ್ಲಿವೆ. ಆದರೆ ಏಣಿ ಮೇಲೆ ಹೋದಂತೆ ಮೆಟ್ಟಿಲುಗಳು ವಿರಳವಾಗುತ್ತವೆ. ಪ್ರೌಢಶಾಲೆಗಳು ಕಡಮೆ, ಕಾಲೇಜಿನಲ್ಲಿ ವಿಜ್ಞಾನ ಓದಬೇಕಾದರೆ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಜಿಗಿಯಬೇಕು. ಒಂದು ಮಗುವಿಗೆ ಕೆಳಗಿನ ಮೆಟ್ಟಿಲಿಲ್ಲ, ಇನ್ನೊಂದಕ್ಕೆ ಮೇಲಿನದಿಲ್ಲ.

ಇನ್ನು ಪರೀಕ್ಷೆಯ ಅಂಕಗಣಿತವನ್ನು ನೋಡಬಹುದು. ರಾಜ್ಯದ ಹತ್ತನೆಯ ತರಗತಿಯಲ್ಲಿ ದೀರ್ಘಕಾಲ ನಡೆದುಬಂದ ಕ್ರಮದಂತೆ ಒಟ್ಟು ಅಂಕಗಳು ೬೨೫; ಅವುಗಳಲ್ಲಿ ಪ್ರಥಮ ಭಾಷೆಗೆ ೧೨೫, ದ್ವಿತೀಯ ಭಾಷೆಗೆ ೧೦೦, ತೃತೀಯ ಭಾಷೆಗೆ ೧೦೦. ಗಣಿತ, ವಿಜ್ಞಾನ, ಸಮಾಜ ಮೂರೂ ಸೇರಿ ೩೦೦ ಆದರೆ ಭಾಷೆಗಳೇ ೩೨೫. ತಾಂಡಾದ ಮಗು ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ತೆಗೆದುಕೊಳ್ಳುತ್ತದೆ. ಎಂದರೆ ಅರ್ಧಕ್ಕೂ ಹೆಚ್ಚಿನ ಅಂಕಗಳನ್ನು ಅದು ತನ್ನ ಮನೆಯಲ್ಲಿ ಕೇಳದ ಮಾತುಗಳಲ್ಲಿಯೇ ಗಳಿಸಬೇಕು. ಈ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಿದರೆ, ಪತ್ರಿಕೆಯ ಮೂಲೆಯ ಆ ಹುಡುಗಿಯ ಗೆಲವು ಎಂಥ ಅಸಾಧಾರಣವಾದದ್ದೆಂಬುದು ತಿಳಿಯುತ್ತದೆ. ಅಸಾಧಾರಣವನ್ನು ಎಲ್ಲರಿಗೂ ಅಳತೆಗೋಲನ್ನಾಗಿ ಮಾಡುವುದು ಸರಿಯಲ್ಲವೆಂಬುದೂ ತಿಳಿಯುತ್ತದೆ.

ಮಾತಿನ ಹೊಸ್ತಿಲನ್ನು ಹೇಗೋ ದಾಟಿದ ಮಗುವಿಗೆ ಅಕ್ಟೋಬರ್ ತಿಂಗಳು ಕಾದಿರುತ್ತದೆ. ದಸರೆಯ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ತಾಂಡಾದ ಮುಂದೆ ಲಾರಿ ಬಂದು ನಿಲ್ಲುತ್ತದೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ಕಾಲ ಆರಂಭವಾಗಿರುತ್ತದೆ; ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಕಟ್ಟಡದ ಕೆಲಸ ಕರೆಯುತ್ತಿರುತ್ತದೆ. ಕಬ್ಬಿನ ಕೆಲಸದಲ್ಲಿ ಗಂಡಹೆಂಡಿರ ಜೋಡಿಗೆ ‘ಕೊಯ್ತಾ’ ಎಂದು ಹೆಸರು. ಕೊಯ್ತಾ ಎಂದರೆ ಕುಡುಗೋಲು. ಮಳೆಗಾಲದ ಬಡತನದಲ್ಲಿಯೇ ಗುತ್ತಿಗೆದಾರನಿಂದ ಮುಂಗಡ ಪಡೆದಾಗಿರುತ್ತದೆ, ಹೋಗದೆ ವಿಧಿಯಿಲ್ಲ.

ಒಳ್ಳೆಯ ಉಪಾಧ್ಯಾಯನೊಬ್ಬ ತಾಂಡಾಕ್ಕೆ ನಡೆದುಹೋಗಿ ತಂದೆಯನ್ನು ಕೇಳುವುದುಂಟು: “ಹುಡುಗೀನ ಇಲ್ಲೇ ಬಿಟ್ಟು ಹೋಗಪ್ಪಾ, ಭಾಳ ಶಾಣ್ಯಾ ಅದಾಳ.” ತಂದೆ ತಲೆ ತಗ್ಗಿಸಿ ಉತ್ತರ ಕೊಡುತ್ತಾನೆ: “ಯಾರ ಬಲ್ಲಿ ಬಿಡಬೇಕ್ರೀ ಮಾಸ್ತರ್ರೇ? ಅಲ್ಲಿ ಸಣ್ಣ ಕೂಸಿನ್ನ ನೋಡ್ಲಾಕರೆ ಯಾರದಾರ?” ಆ ಉತ್ತರದಲ್ಲಿ ಮಗಳ ಮೇಲಿನ ನಿರ್ಲಕ್ಷ್ಯವಿಲ್ಲ. ಅವನಿಗೆ ಕಾಣುವ ದಾರಿ ಅದೊಂದೇ. ತಾಯಿತಂದೆಯರು ಕಬ್ಬು ಕಡಿಯುವಾಗ ಕೂಸನ್ನು ಕಾಯುವವಳು ಈ ಹುಡುಗಿ. ರೊಟ್ಟಿ ಬಡಿಯುವವಳೂ ಅವಳೇ. ಲಾರಿ ಮರಳಿ ಬರುವುದು ಯುಗಾದಿಯ ಸುಮಾರಿಗೆ. ಆ ವೇಳೆಗೆ ಪಾಠಗಳು ಮುಗಿದು ಪರೀಕ್ಷೆ ಬಂದಿರುತ್ತದೆ. ಎರಡು ಮೂರು ವರ್ಷ ಹೀಗೆ ನಡೆದರೆ ಹಾಜರಿ ಪುಸ್ತಕದಿಂದ ಹೆಸರು ಮಾಸುತ್ತದೆ. ಹುಡುಗಿಯಾದರೆ ಮದುವೆಯ ಮಾತೂ ಹತ್ತಿರವಾಗುತ್ತದೆ. ೨೦೧೧ರಲ್ಲಿ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ಶೇಕಡಾ ೫೫ರಷ್ಟು ಮಾತ್ರವಿದ್ದುದರ ಹಿಂದೆ ಇಂಥ ಎಷ್ಟೋ ಲಾರಿಗಳ ಧೂಳಿದೆ.

ಗಡಿ ದಾಟಿದ ಮಗುವಿನ ಕೈಯ ಕಾಗದವೂ ಬೆಲೆ ಕಳೆದುಕೊಳ್ಳುತ್ತದೆ. ಒಂದೇ ನುಡಿಯ, ಒಂದೇ ಉಡುಗೆಯ, ಸೇವಾಲಾಲರನ್ನು ನೆನೆಯುವ ಒಂದೇ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಜೇವರ್ಗಿಯಲ್ಲಿ ಪಡೆದ ಜಾತಿಯ ಪ್ರಮಾಣಪತ್ರ ಸೊಲ್ಲಾಪುರದಲ್ಲಿ ನಡೆಯದು. ಕಟಾವಿನ ಗುಡಿಸಲಿನ ಪಕ್ಕದ ಶಾಲೆಗೆ ಹೋಗೋಣವೆಂದರೆ ಅಲ್ಲಿ ಪಾಠ ಮರಾಠಿಯಲ್ಲಿ. ಕಷ್ಟಪಟ್ಟು ಹತ್ತಿದ ಕನ್ನಡದ ಮೆಟ್ಟಿಲನ್ನು ಬಿಟ್ಟು ಮತ್ತೊಂದು ಏಣಿಯನ್ನು ಬುಡದಿಂದ ಹತ್ತಬೇಕು.

ಏನೂ ನಡೆದಿಲ್ಲವೆಂದು ಹೇಳಿದರೆ ತಪ್ಪಾದೀತು. ೨೦೦೨ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಮೊದಲು ಆರಂಭವಾದದ್ದು ಕಲಬುರಗಿಯೂ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿಯೇ. ವಸತಿಶಾಲೆಗಳು ಬಂದವು, ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿ ಕೇಂದ್ರಗಳ ಯೋಜನೆಯೂ ಬಂದಿತು. ೨೦೦೯ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ದೊರೆಯಿತು. ೨೦೧೩ರಲ್ಲಿ ಜಾರಿಗೆ ಬಂದ ೩೭೧-ಜೆ ವಿಧಿಯಿಂದ ಈ ಭಾಗದವರಿಗೆ ಉದ್ಯೋಗದಲ್ಲಿಯೂ ಉನ್ನತ ಶಿಕ್ಷಣದಲ್ಲಿಯೂ ಮೀಸಲಾತಿ ದೊರೆಯಿತು. ೨೦೨೩ರ ಜನವರಿಯಲ್ಲಿ ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಹಂಚಲಾಯಿತು. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳೇ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯಂತೆ, ಲಾರಿ ಹೊರಟುಹೋದ ಮೇಲೆ ವಸತಿ ಕೇಂದ್ರದ ಬೀಗ ತೆರೆದರೆ ಮಗುವಿಗೆ ಫಲವಿಲ್ಲ. ಮೀಸಲಾತಿಯ ಬಾಗಿಲು ಏಣಿಯ ತುದಿಯಲ್ಲಿದೆ. ಮಕ್ಕಳು ಜಾರುತ್ತಿರುವುದು ಬುಡದಲ್ಲಿ. ಕಡಗಂಚಿಯ ವಿಶ್ವವಿದ್ಯಾಲಯಕ್ಕೂ ಅದೇ ತಾಲ್ಲೂಕಿನ ತಾಂಡಾಕ್ಕೂ ನಡುವಣ ದೂರವನ್ನು ಮೈಲಿಗಳಲ್ಲಿ ಅಳೆಯಲು ಬಾರದು.

ಬೇಕಾದದ್ದು ದೊಡ್ಡ ಪವಾಡವೇನೂ ಅಲ್ಲ. ತಾಂಡಾದ ಅಂಗನವಾಡಿಯಲ್ಲಿಯೂ ಒಂದನೆಯ ಎರಡನೆಯ ತರಗತಿಗಳಲ್ಲಿಯೂ ಗೋರ್ ಬೋಲಿ ಬಲ್ಲವರೊಬ್ಬರಿದ್ದು, ‘ಯಾಡಿ’ ಎಂದ ಮಗುವಿಗೆ ‘ಇದನ್ನು ಕನ್ನಡದಲ್ಲಿ ತಾಯಿ ಎನ್ನುತ್ತಾರೆ’ ಎಂದು ನಗುತ್ತ ಹೇಳಿದರೆ ಅರ್ಧ ಭಯ ಅಲ್ಲಿಯೇ ಹೋಗುತ್ತದೆ. ತಾಂಡಾಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳು ಈಗ ಇದ್ದಾರೆ. ಆ ಕೆಲಸಕ್ಕೆ ಅವರಿಗಿಂತ ತಕ್ಕವರಿಲ್ಲ. ಲಂಬಾಣಿ ಹಾಡುಗಳನ್ನೂ ಕಥೆಗಳನ್ನೂ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿ ಮಕ್ಕಳ ಕೈಗೆ ಕೊಟ್ಟರೆ ಅವರು ಲಿಪಿಯನ್ನು ತಮ್ಮ ಮಾತಿನ ಮೂಲಕ ಕಲಿತು, ಅದೇ ಲಿಪಿಯ ಸೇತುವೆಯ ಮೇಲೆ ಕನ್ನಡಕ್ಕೆ ದಾಟಬಲ್ಲರು. ಇದರಿಂದ ಕನ್ನಡಕ್ಕೆ ನಷ್ಟವಿಲ್ಲ. ಕನ್ನಡವನ್ನು ಪ್ರೀತಿಯಿಂದ ಓದುವ ಮಕ್ಕಳು ಅದಕ್ಕೆ ಹೆಚ್ಚಾಗಿ ದೊರೆಯುತ್ತಾರೆ. ವಸತಿ ಕೇಂದ್ರಗಳು ದಸರೆಗೆ ಮುಂಚೆಯೇ ತೆರೆಯಬೇಕು. ಅಲ್ಲಿ ಅಕ್ಕನ ಜೊತೆಗೆ ತಮ್ಮನಿಗೂ ಸ್ಥಳವಿರಬೇಕು. ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳು ಕೂಡಿ ಕುಳಿತು, ಗುಳೆ ಹೋಗುವ ಮಕ್ಕಳ ಒಂದು ಪಟ್ಟಿಯನ್ನಿಟ್ಟುಕೊಂಡರೆ ಮಗು ಗಡಿಯ ಮೇಲೆ ಕಳೆದುಹೋಗುವುದು ತಪ್ಪುತ್ತದೆ.

ಹಕ್ಕುಪತ್ರ ಹಂಚಿದ ಮಳಖೇಡ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತ ಊರಲ್ಲ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ್ದು ಅಲ್ಲಿ. ಈ ನಾಡಿನ ಜನ ಶಾಸ್ತ್ರ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಆ ಗ್ರಂಥ ಹೆಮ್ಮೆಪಟ್ಟಿತು. ಓದಿಲ್ಲವೆಂಬ ಮಾತ್ರಕ್ಕೆ ಬುದ್ಧಿಯಿಲ್ಲವೆಂದು ಆ ಕವಿ ತೀರ್ಮಾನಿಸಲಿಲ್ಲ. ಸಾವಿರಕ್ಕೂ ಮಿಕ್ಕಿ ವರ್ಷಗಳ ಹಿಂದೆ ಕನ್ನಡ ತೋರಿದ ಆ ಔದಾರ್ಯವನ್ನು ಕನ್ನಡದ ಶಾಲೆ ತಾಂಡಾದ ಮಗುವಿಗೆ ತೋರಬಲ್ಲದು.

ಪಟ್ಟಣದ ವಾಚಕರಿಗೆ ಇದೆಲ್ಲ ದೂರದ ಸಂಗತಿಯಾಗಿ ತೋರಬಹುದು. ಹಾಗೆ ತೋರಬೇಕಾಗಿಲ್ಲ. ಎದುರು ಬೀದಿಯಲ್ಲಿ ಏಳುತ್ತಿರುವ ಹೊಸ ಕಟ್ಟಡದ ಪಕ್ಕ, ತಗಡಿನ ಮರೆಯಲ್ಲಿ, ಇಟ್ಟಿಗೆಯ ರಾಶಿಯ ಮೇಲೆ ಕೂಸನ್ನೆತ್ತಿಕೊಂಡು ಕುಳಿತ ಹತ್ತು ವರ್ಷದ ಹುಡುಗಿ ಜೇವರ್ಗಿಯವಳೇ ಇರಬಹುದು. ಶಾಲೆಗೆ ಹೊರಟ ಮಕ್ಕಳ ಸಮವಸ್ತ್ರವನ್ನು ಅವಳು ಬಿಟ್ಟ ಕಣ್ಣಿನಿಂದ ನೋಡುತ್ತಿರುತ್ತಾಳೆ. ಪತ್ರಿಕೆಯ ಮೂಲೆಯಲ್ಲಿ ಚಿತ್ರ ಅಚ್ಚಾದವಳ ಜೊತೆಗೆ ಒಂದನೆಯ ತರಗತಿಗೆ ಸೇರಿದವರಲ್ಲಿ ಒಬ್ಬಳು ಇವಳು. ಮನೆಯಾಕೆ ಕೇಳಿದ ಪ್ರಶ್ನೆಗೆ ಉತ್ತರ ಬೇಕಿದ್ದರೆ ಯಜಮಾನನು ಪತ್ರಿಕೆಯನ್ನು ಮಡಿಸಿಟ್ಟು, ಒಮ್ಮೆ ಬೀದಿ ದಾಟಿ ಅವಳ ಹೆಸರು ಕೇಳಬಹುದು. ಅವಳು ಎಷ್ಟನೆಯ ತರಗತಿಯವರೆಗೆ ಓದಿದ್ದಾಳೆಂದು ಕೇಳಬಹುದು. ಹತ್ತಿರದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಬಳಿಗೆ ಅವಳ ತಂದೆಯನ್ನು ಕರೆದೊಯ್ಯಬಹುದು. ವಯಸ್ಸಿಗೆ ತಕ್ಕ ತರಗತಿಗೆ ಅವಳನ್ನು ಸೇರಿಸಿಕೊಳ್ಳಬೇಕೆಂದು ೨೦೦೯ರ ಕಾಯಿದೆಯೇ ಹೇಳುತ್ತದೆ. ಬೀದಿ ದಾಟಿ ಹೋಗಿ ಕೇಳುವವರೊಬ್ಬರು ಬೇಕು, ಅಷ್ಟೆ.